ಕಾಗದ ಸುಳ್ಳಾದರೆ ನಷ್ಟ ಯಾರದು?

"ಪಹಣಿಯಲ್ಲಿ ನನ್ನ ಹೆಸರಿದೆ. ಸರ್ಕಾರವೇ ಕೊಟ್ಟ ಕಾಗದ. ಇನ್ನೇನು ಬೇಕು?"

ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಈ ಮಾತು ಕೇಳದ ದಿನವಿಲ್ಲ. ಸುದ್ದಿಗೆಂದು ಅಲ್ಲಿಗೆ ಹೋಗುವ ನಮಗೆ ಅದರ ಹಿಂದೆಯೇ ಬರುವ ಇನ್ನೊಂದು ಮಾತೂ ಅಷ್ಟೇ ಪರಿಚಿತ: "ಹಾಗಾದರೆ ಕೋರ್ಟಿನಲ್ಲಿ ಯಾಕೆ ಸೋತೆವು?"

ಈ ಎರಡು ಮಾತುಗಳ ನಡುವೆ ಒಂದು ಸತ್ಯ ಅಡಗಿದೆ. ನಮ್ಮ ದೇಶದಲ್ಲಿ ಸರ್ಕಾರ ಜಮೀನಿನ ಲೆಕ್ಕ ಬರೆಯುತ್ತದೆ, ಕಂದಾಯ ಕಟ್ಟಿಸಿಕೊಳ್ಳುತ್ತದೆ, ಕ್ರಯಪತ್ರ ನೋಂದಾಯಿಸಿ ಸೀಲು ಹಾಕುತ್ತದೆ. ಆದರೆ "ಈ ಜಮೀನು ನಿಮ್ಮದೇ, ತಪ್ಪಾಗಿದ್ದರೆ ನಷ್ಟ ನಾವು ತುಂಬಿಕೊಡುತ್ತೇವೆ" ಎಂದು ಎಲ್ಲೂ ಹೇಳಿಲ್ಲ. ಕಾಗದ ಸುಳ್ಳಾದ ದಿನ ನಷ್ಟ ಕೊಂಡವರ ತಲೆಗೇ.

ಎಲ್ಲ ಕಡೆ ಹೀಗೇ ಇದೆಯೇ? ಇಲ್ಲ. ಒಂದು ದೇಶದಲ್ಲಿ ಆ ಭಾರವನ್ನು ವಿಮಾ ಕಂಪನಿ ಹೊತ್ತಿತು. ಇನ್ನೊಂದು ಕಡೆ ಸರ್ಕಾರ ಹೊತ್ತಿತು. ನಮ್ಮಲ್ಲಿ ಮಾತ್ರ ಅದು ಕೊಂಡವರ ಹೆಗಲ ಮೇಲೇ ಉಳಿಯಿತು. ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೂರು ಸಲ ಜಮೀನು ಕೊಂಡ ರೈತ

ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಹೆಸರು ಎಲ್ಲರಿಗೂ ಗೊತ್ತು. ಅವರ ತಂದೆ ಥಾಮಸ್ ಲಿಂಕನ್ ಕೆಂಟಕಿ ಎಂಬ ರಾಜ್ಯದಲ್ಲಿ ಬಡಗಿ ಕೆಲಸ ಮಾಡಿಕೊಂಡು ಬೇಸಾಯ ಮಾಡುತ್ತಿದ್ದವರು. ಅಲ್ಲಿ ಅವರು ಒಂದಾದ ಮೇಲೊಂದರಂತೆ ಮೂರು ಕಡೆ ಜಮೀನು ಹಿಡಿದರು. ಮೊದಲನೆಯದರಲ್ಲಿ ಅಳತೆ ತಪ್ಪಾಗಿ ಒಂದಷ್ಟು ಎಕರೆ ಕೈಬಿಟ್ಟಿತು. ಎರಡನೆಯದು, ಅಬ್ರಹಾಂ ಹುಟ್ಟಿದ ಜಮೀನು, ಹಿಂದಿನವರ ಹಕ್ಕಿನ ತಕರಾರಿನಲ್ಲಿ ಹೋಯಿತು. ಮೂರನೆಯದರಲ್ಲಿ ಉಳುತ್ತಿರುವಾಗಲೇ ಬೇರೆಯವರು ಬಂದು "ಇದು ನಮ್ಮದು, ಎದ್ದೇಳಿ" ಎಂದು ದಾವೆ ಹೂಡಿದರು.

ಥಾಮಸ್ ಲಿಂಕನ್ ಸೋಮಾರಿಯೂ ಅಲ್ಲ, ಮೋಸಗಾರನೂ ಅಲ್ಲ. ತೊಂದರೆ ಇದ್ದದ್ದು ಆ ರಾಜ್ಯದ ಕಾಗದಗಳಲ್ಲಿ. ಅಲ್ಲಿ ಜಮೀನಿಗೆ ಮೊದಲು ಸರ್ಕಾರಿ ಸರ್ವೆ ಆಗಿರಲಿಲ್ಲ. ಬಂದವರು ಮರ, ಬಂಡೆ, ಹಳ್ಳ ತೋರಿಸಿ "ಇಲ್ಲಿಂದ ಅಲ್ಲಿಯವರೆಗೆ ನನ್ನದು" ಎಂದು ಬರೆಸಿಕೊಂಡರು. ಒಬ್ಬರ ಗಡಿಯ ಮೇಲೆ ಇನ್ನೊಬ್ಬರ ಗಡಿ ಬಂತು. ಮನೆ ಹೆಂಚಿನ ಹಾಗೆ ಒಂದರ ಮೇಲೊಂದು ಹಕ್ಕು.

1816ರಲ್ಲಿ ಲಿಂಕನ್ ಕುಟುಂಬ ಪಕ್ಕದ ಇಂಡಿಯಾನಾಕ್ಕೆ ಗುಳೆ ಎದ್ದಿತು. ಅಬ್ರಹಾಂಗೆ ಆಗ 7 ವರ್ಷ. ಊರು ಬಿಟ್ಟದ್ದಕ್ಕೆ ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಜಮೀನಿನ ಹಕ್ಕಿನ ಗೊಂದಲ ಎಂದು ಅವರೇ ಮುಂದೆ ಬರೆದಿದ್ದಾರೆ. ಇಂಡಿಯಾನಾದಲ್ಲಿ ಸರ್ಕಾರ ಮೊದಲು ಭೂಮಿಯನ್ನು ಚೌಕ ಚೌಕವಾಗಿ ಅಳೆದು, ಆಮೇಲೆ ತಾನೇ ಮಾರುತ್ತಿತ್ತು. ನಡುವೆ ಬೇರೆ ಯಾರ ಹಕ್ಕೂ ನುಸುಳಲು ಜಾಗ ಕಡಿಮೆ.

ಅಳತೆ ಸರಿಯಿಲ್ಲದಿದ್ದರೆ, ಹಿಂದಿನ ಹಕ್ಕುಗಳು ಎಲ್ಲಿ ಅಡಗಿವೆ ಎಂದು ಗೊತ್ತಿಲ್ಲದಿದ್ದರೆ, ದುಡ್ಡು ಕೊಟ್ಟು ಕೊಂಡ ಪ್ರಾಮಾಣಿಕ ರೈತನೂ ಜಮೀನು ಕಳೆದುಕೊಳ್ಳುತ್ತಾನೆ. ಇದು ಯಾವ ಊರಿಗೂ ಹೊಸ ಕಥೆಯಲ್ಲ.

ಫಿಲಡೆಲ್ಫಿಯಾ: ವಿಮೆ ಹುಟ್ಟಿದ ಊರು

ಅಮೆರಿಕದಲ್ಲಿ ಆಗ ಆಸ್ತಿ ಕೊಳ್ಳುವವರು ಕಾಗದಪತ್ರ ನೋಡುವ ಅನುಭವಸ್ಥರೊಬ್ಬರನ್ನು ಹಿಡಿಯುತ್ತಿದ್ದರು. ನಮ್ಮಲ್ಲಿ ಪತ್ರ ಬರಹಗಾರರು, ವಕೀಲರು ಸೇರಿ ಮಾಡುವ ಕೆಲಸವನ್ನು ಅಲ್ಲಿ ಅವರು ಮಾಡುತ್ತಿದ್ದರು. ಹಳೇ ದಾಖಲೆ ತಿರುವಿ ನೋಡಿ, "ತೊಂದರೆ ಇಲ್ಲ, ಕೊಳ್ಳಿ" ಎಂದು ಹೇಳುವುದು ಅವರ ಕಸುಬು.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವಾಟ್ಸನ್ ಎಂಬುವವರು ಮ್ಯೂರ್‌ಹೆಡ್ ಎಂಬುವವರಿಂದ ಹೀಗೆ ಕಾಗದ ನೋಡಿಸಿ ಆಸ್ತಿ ಕೊಂಡರು. ಆ ಆಸ್ತಿಯ ಮೇಲೆ ಹಳೆಯ ಸಾಲದ ತೀರ್ಪೊಂದು ಇತ್ತು. ಮ್ಯೂರ್‌ಹೆಡ್ ಅದನ್ನು ನೋಡಿದ್ದರು. ವಕೀಲರನ್ನೂ ಕೇಳಿದ್ದರು. "ಅದು ಈ ಆಸ್ತಿಗೆ ತಗಲುವುದಿಲ್ಲ" ಎಂದು ವಕೀಲರು ಹೇಳಿದ ಮೇಲೆಯೇ ಸರಿ ಎಂದಿದ್ದರು. ವಕೀಲರ ಅಭಿಪ್ರಾಯ ತಪ್ಪಾಗಿತ್ತು. ವಾಟ್ಸನ್ ದುಡ್ಡು ಕಳೆದುಕೊಂಡು, ನಷ್ಟ ಕಟ್ಟಿಕೊಡಿ ಎಂದು ಕೋರ್ಟಿಗೆ ಹೋದರು.

1868ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಮ್ಯೂರ್‌ಹೆಡ್ ಮಾಡಬೇಕಾದ ಜಾಗ್ರತೆ ಮಾಡಿದ್ದಾರೆ, ನಿರ್ಲಕ್ಷ್ಯ ಇಲ್ಲ, ಆದ್ದರಿಂದ ಅವರು ಹೊಣೆಯಲ್ಲ.

ನ್ಯಾಯ ನೋಡಿದರೆ ತೀರ್ಪು ತಪ್ಪೆನ್ನಲಾಗದು. ಆದರೆ ವಾಟ್ಸನ್ ಗತಿ? ಯಾರ ತಪ್ಪೂ ಇಲ್ಲ, ದುಡ್ಡು ಮಾತ್ರ ಹೋಯಿತು. ಕೊಳ್ಳುವವರಿಗೆಲ್ಲ ದಿಗಿಲಾಯಿತು. ಕಾಗದ ನೋಡುವವರ ಮೇಲಿನ ನಂಬಿಕೆಯೇ ಅಲುಗಾಡಿತು.

1874ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆ, ಆಸ್ತಿಯ ಹಕ್ಕಿಗೂ ವಿಮೆ ಮಾಡಬಹುದು ಎಂಬ ಕಾನೂನು ತಂದಿತು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅದೇ ಕಸುಬಿನವರು ಸೇರಿ ಆಸ್ತಿ ಹಕ್ಕಿನ ವಿಮಾ ಕಂಪನಿ ಕಟ್ಟಿದರು. ಟೈಟಲ್ ಇನ್ಶೂರೆನ್ಸ್ ಎಂಬುದು ಹೀಗೆ ಶುರುವಾಯಿತು.

ಇದು ನಮಗೆ ಗೊತ್ತಿರುವ ವಿಮೆಗಳ ಹಾಗಲ್ಲ. ಬೆಳೆ ವಿಮೆ, ಗಾಡಿ ವಿಮೆ, ಜೀವ ವಿಮೆ ಎಲ್ಲವೂ ಮುಂದೆ ಆಗಬಹುದಾದ ಅನಾಹುತಕ್ಕೆ. ಹಕ್ಕಿನ ವಿಮೆ ಹಿಂದೆ ಆಗಿ ಹೋದ ತಪ್ಪಿಗೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಸಹಿ ನಕಲು ಮಾಡಿರಬಹುದು, ಒಬ್ಬ ವಾರಸುದಾರನನ್ನು ಬಿಟ್ಟು ಭಾಗ ಆಗಿರಬಹುದು, ತೀರದ ಸಾಲ ಮರೆಯಾಗಿರಬಹುದು. ಅಂಥದ್ದು ಕೊಂಡ ಮೇಲೆ ಹೊರಬಿದ್ದರೆ ಕಂಪನಿ ವಕೀಲರ ಖರ್ಚು ಕೊಡುತ್ತದೆ; ಕೇಸು ಸೋತರೆ ಪಾಲಿಸಿಯ ಮಿತಿಯೊಳಗೆ ನಷ್ಟ ತುಂಬುತ್ತದೆ. ಕಂತು ವರ್ಷ ವರ್ಷ ಕಟ್ಟುವಂತಿಲ್ಲ, ಕೊಳ್ಳುವಾಗ ಒಂದೇ ಸಲ. ಸಾಲ ಕೊಟ್ಟ ಬ್ಯಾಂಕಿಗೆ ಬೇರೆ ಪಾಲಿಸಿ, ಮನೆ ಯಜಮಾನರಿಗೆ ಬೇರೆ ಪಾಲಿಸಿ. ಬ್ಯಾಂಕಿನ ಪಾಲಿಸಿ ಇದೆ ಎಂದು ಮನೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ, ಅದು ಕಾಯುವುದು ಬ್ಯಾಂಕಿನ ದುಡ್ಡನ್ನು ಮಾತ್ರ. ಕೊಳ್ಳುವವರಿಗೆ ಮೊದಲೇ ಗೊತ್ತಿದ್ದು ಮುಚ್ಚಿಟ್ಟ ದೋಷಕ್ಕೆ ಪರಿಹಾರವಿಲ್ಲ.

ಈ ವಿಮೆಯ ದೊಡ್ಡ ಲಾಭ ಪರಿಹಾರವಲ್ಲ. ತಾನು ದುಡ್ಡು ಕಟ್ಟಬೇಕಾಗುತ್ತದೆ ಎಂಬ ಭಯಕ್ಕೆ ಕಂಪನಿಯೇ ಕಾಗದಗಳನ್ನು ಜಾಲಾಡುತ್ತದೆ. ದೋಷ ಕಂಡರೆ ಕೊಳ್ಳುವ ಮೊದಲೇ ಸರಿಪಡಿಸಲು ಹೇಳುತ್ತದೆ. ಅಮೆರಿಕದಲ್ಲೇ ಅಯೋವಾ ಎಂಬ ಬೇಸಾಯದ ರಾಜ್ಯ 1947ರಲ್ಲಿ ಈ ವಿಮೆಯ ಮಾರಾಟವನ್ನು ನಿಷೇಧಿಸಿತು. ಅಲ್ಲಿ ವಕೀಲರು ಕಾಗದ ನೋಡುತ್ತಾರೆ, 1985ರಿಂದ ಸರ್ಕಾರದ್ದೇ ಒಂದು ಸಂಸ್ಥೆ ಖಾತರಿ ಕೊಡುತ್ತದೆ. ದಾರಿ ಬೇರೆಯಾದರೂ ಕೊಂಡವರನ್ನು ಒಂಟಿಯಾಗಿ ಬಿಟ್ಟಿಲ್ಲ.

ಅಡಿಲೇಡ್: ಸರ್ಕಾರವೇ ಜಾಮೀನು ನಿಂತ ಕಡೆ

ಫಿಲಡೆಲ್ಫಿಯಾಕ್ಕಿಂತ ಮೊದಲೇ, ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ರಾಬರ್ಟ್ ಟೊರೆನ್ಸ್ ಎಂಬಾತ ಅಡಿಲೇಡ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿದ್ದವರು. ಹಡಗು ಕೈ ಬದಲಾದಾಗ ಒಂದೇ ದಾಖಲೆ ಪುಸ್ತಕದಲ್ಲಿ ಹಳೆಯ ಮಾಲೀಕರ ಹೆಸರು ಹೊಡೆದು ಹೊಸಬರ ಹೆಸರು ಬರೆಯುವುದನ್ನು ಬಲ್ಲವರು. ಹಡಗಿಗೆ ಆಗುವುದಾದರೆ ಹೊಲಕ್ಕೆ ಯಾಕಾಗಬಾರದು ಎಂಬುದು ಅವರ ಪ್ರಶ್ನೆ.

1858ರಲ್ಲಿ ಅಲ್ಲಿ ಹೊಸ ಕಾನೂನು ಜಾರಿಗೆ ಬಂತು. ಅದರ ಪ್ರಕಾರ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಹಳೇ ಪತ್ರಗಳ ಸರಪಳಿ ಹುಡುಕಿಕೊಂಡು ಹೋಗಬೇಕಿಲ್ಲ. ಸರ್ಕಾರದ ತಪ್ಪಿನಿಂದ ನಿಜವಾದ ಮಾಲೀಕ ಜಮೀನು ಕಳೆದುಕೊಂಡರೆ ನಷ್ಟ ತುಂಬಲು ಒಂದು ನಿಧಿ ಇಟ್ಟರು. ಆ ನಿಧಿಗೆ ಪ್ರತಿ ಜಮೀನಿನಿಂದ ಸಣ್ಣ ಶುಲ್ಕ. ಈ ಪದ್ಧತಿ ನ್ಯೂಜಿಲೆಂಡ್, ಮಲೇಷ್ಯಾ, ಸಿಂಗಪುರಗಳಿಗೂ ಹಬ್ಬಿತು.

ನಾವು ಗಮನಿಸಬೇಕಾದದ್ದು ನಿಧಿಯ ವಿಚಾರ. ಬರೀ ಪುಸ್ತಕ ಅಚ್ಚುಕಟ್ಟಾಗಿ ಬರೆಯುವುದು ಒಂದು. ತಪ್ಪಿದರೆ ದುಡ್ಡು ಕೊಡುತ್ತೇನೆ ಎಂದು ಮಾತು ಕೊಡುವುದು ಇನ್ನೊಂದು.

ನಮ್ಮಲ್ಲಿ ಪುಸ್ತಕ ಬರೆದದ್ದು ಕಂದಾಯಕ್ಕೆ

ಈಗ ನಮ್ಮೂರಿಗೆ ಬರೋಣ. ನಮ್ಮಲ್ಲೂ ಪುಸ್ತಕಕ್ಕೆ ಬರವಿರಲಿಲ್ಲ. ಶಾನುಭೋಗರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಒಣಗಿಸಿ ಮಡಿಚಿದ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಇಂದಿಗೂ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುವುದು ಅದರ ನೆನಪು. ಮೈಸೂರು ಸೀಮೆಯಲ್ಲಿ ಶಾನುಭೋಗ, ಮುಂಬೈ ಕರ್ನಾಟಕದಲ್ಲಿ ಕುಲಕರ್ಣಿ, ಬಳ್ಳಾರಿ ಕಡೆ ಕರಣಂ. ಹೆಸರು ಬೇರೆ, ಕೆಲಸ ಒಂದೇ. ಯಾರು ಎಷ್ಟು ಉತ್ತರು, ಎಷ್ಟು ಕಂದಾಯ ಕಟ್ಟಬೇಕು ಎಂದು ಬರೆಯುವುದು.

ಬ್ರಿಟಿಷರ ಕಾಲದಲ್ಲಿ ಅಳತೆ ಬಂತು. ಮುಂಬೈ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಬಳಿಯ ಇಂದಾಪುರದಲ್ಲಿ ಶುರು ಮಾಡಿದ ಸರ್ವೆ 1840ರ ದಶಕದಲ್ಲಿ ಧಾರವಾಡದ ಕಡೆಗೂ ಬಂತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಸರ್ವೆ ಇಲಾಖೆ ಶುರುವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ 1,089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆ ಸೇರಿದರೆ ಎಕರೆ. ಹೊಲಕ್ಕೊಂದು ಸರ್ವೆ ನಂಬರ್, ಗಡಿಗೆ ಕಲ್ಲು, ಟಿಪ್ಪಣಿ, ಆಕಾರಬಂದು ಎಲ್ಲ ಆಗ ಬಂದವು. ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೆಯವರು ಕೊನೆಗೆ ತೆಗೆದು ನೋಡುವುದು ಆ ಹಳೇ ಟಿಪ್ಪಣಿಯನ್ನೇ.

ಕೆಲಸ ಅಚ್ಚುಕಟ್ಟಾಗಿತ್ತು, ಗುರಿ ಮಾತ್ರ ಬೇರೆಯಿತ್ತು. ಸರ್ಕಾರಕ್ಕೆ ಬೇಕಿದ್ದದ್ದು "ಈ ಹೊಲದ ಕಂದಾಯ ಯಾರಿಂದ ವಸೂಲು ಮಾಡಲಿ" ಎಂಬ ಪ್ರಶ್ನೆಗೆ ಉತ್ತರ. ಪುಸ್ತಕದಲ್ಲಿ ಬರೆದ ಹೆಸರು ಕಂದಾಯ ಕಟ್ಟುವವರದು. ಆ ವ್ಯಕ್ತಿಯೇ ನಿಜವಾದ ಮಾಲೀಕರೋ, ಅಣ್ಣತಮ್ಮಂದಿರ ಪಾಲು ಎಷ್ಟು, ಅಕ್ಕತಂಗಿಯರದು ಎಷ್ಟು ಎಂಬ ಜಗಳಕ್ಕೆ ಸಿವಿಲ್ ಕೋರ್ಟ್ ಇದೆಯಲ್ಲ ಎಂದು ಬಿಟ್ಟರು.

ಸ್ವಾತಂತ್ರ್ಯದ ನಂತರವೂ ಆ ಅಡಿಪಾಯ ಬದಲಾಗಲಿಲ್ಲ. 1961ರ ಕಾನೂನಿನಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳು ರದ್ದಾಗಿ, 1963ರಲ್ಲಿ ಅದು ಜಾರಿಗೆ ಬಂದು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನುತ್ತೇವೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಸೆಕ್ಷನ್ ಹೇಳುವುದಿಷ್ಟು: ಪಹಣಿಯಂಥ ಹಕ್ಕು ದಾಖಲೆಯಲ್ಲಿ ಇರುವುದನ್ನು ನಿಜವೆಂದು ಭಾವಿಸತಕ್ಕದ್ದು, ಸುಳ್ಳೆಂದು ಸಾಬೀತಾಗುವವರೆಗೆ. ಪಹಣಿಯ ಬಲ ಆ ಮೊದಲರ್ಧದಲ್ಲಿದೆ, ದೌರ್ಬಲ್ಯ "ಸಾಬೀತಾಗುವವರೆಗೆ" ಎಂಬುದರಲ್ಲಿದೆ. ಮ್ಯುಟೇಷನ್ ಆದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ, ಅದು ಕಂದಾಯಕ್ಕಾಗಿ ಇರುವ ನಮೂದು ಎಂದು ಸುಪ್ರೀಂ ಕೋರ್ಟ್ 1996ರಿಂದೀಚೆಗೆ ಮತ್ತೆ ಮತ್ತೆ ಹೇಳಿದೆ.

ಹಾಗಾದರೆ ನೋಂದಣಿ? ನಮ್ಮ ನೋಂದಣಿ ಕಾಯ್ದೆ 1908ರದು. ಉಪ ನೋಂದಣಾಧಿಕಾರಿ ದಾಖಲಿಸುವುದು ಇಂಥವರು ಇಂಥವರಿಗೆ ಇಂಥ ಪತ್ರ ಬರೆದುಕೊಟ್ಟರು ಎಂಬ ಸಂಗತಿಯನ್ನು. ಬರೆದುಕೊಟ್ಟವರಿಗೆ ಮಾರುವ ಹಕ್ಕು ಇತ್ತೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಹಕ್ಕಿಲ್ಲದವರು ಬರೆದುಕೊಟ್ಟರೆ ಪತ್ರ ನೋಂದಣಿಯಾಗಿರುತ್ತದೆ, ಜಮೀನು ಮಾತ್ರ ಬಂದಿರುವುದಿಲ್ಲ.

ಹಕ್ಕೇ ಮಗುಚಿದ ವರ್ಷಗಳು

ನಮ್ಮ ರಾಜ್ಯದಲ್ಲಿ ಜಮೀನಿನ ಹಕ್ಕು ಸುಮ್ಮನೆ ತಲೆಯಿಂದ ತಲೆಗೆ ಇಳಿದು ಬಂದಿಲ್ಲ. ಕಾನೂನೇ ಅದನ್ನು ಹಲವು ಸಲ ಮಗುಚಿ ಹಾಕಿದೆ, ಅದೂ ಬಡವರ ಪರವಾಗಿ. 1954, 1955ರಲ್ಲಿ ಇನಾಂ ರದ್ದತಿ ಕಾನೂನುಗಳು ಬಂದವು. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವರು ಫಾರಂ 7 ಹಾಕಿ ಭೂ ನ್ಯಾಯಮಂಡಳಿ ಮುಂದೆ ನಿಂತು ಹಕ್ಕು ಪಡೆದರು. ಆ ಒಂದು ತೀರ್ಪಿನ ಪ್ರತಿಯನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟ ಮನೆಗಳು ಈಗಲೂ ಇವೆ.

1978ರಲ್ಲಿ ಬಂದದ್ದು ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಷರತ್ತು ಮೀರಿ ಮಾರಿದ್ದರೆ ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮಂಜೂರಾದವರಿಗೆ ಅಥವಾ ವಾರಸುದಾರರಿಗೆ ಮರಳಿಸಬಹುದು. ಈ ಕಾನೂನು ಸಿಂಧು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. ಆಮೇಲೆ, ಬಹಳ ವರ್ಷ ಕಳೆದು ಕೇಳಿದರು ಎಂಬ ಕಾರಣಕ್ಕೆ ಕೋರ್ಟುಗಳಲ್ಲಿ ಅರ್ಜಿಗಳು ಬೀಳತೊಡಗಿದಾಗ, 2023ರ ತಿದ್ದುಪಡಿ ಆ ಕಾಲಮಿತಿಯ ತೊಡಕನ್ನು ತೆಗೆಯಲು ಬಂತು.

ಇಲ್ಲಿ ಎರಡು ಮನೆಗಳ ಕಣ್ಣೀರು ಇದೆ. ಕಷ್ಟಕಾಲದಲ್ಲಿ ಪುಡಿಗಾಸಿಗೆ ಜಮೀನು ಬಿಟ್ಟುಕೊಟ್ಟ ದಲಿತ ಕುಟುಂಬಕ್ಕೆ ಅದು ಹಿಂದಿರುಗುವುದು ನ್ಯಾಯ. ಮೂರನೆಯವರಿಂದಲೋ ನಾಲ್ಕನೆಯವರಿಂದಲೋ ದುಡಿದ ದುಡ್ಡು ಸುರಿದು ಕೊಂಡವರಿಗೆ ಅದು ಸಿಡಿಲು. ಕಾನೂನು ತಪ್ಪಲ್ಲ. ಮಂಜೂರಾತಿ ಜಮೀನು ಎಂಬ ಸಂಗತಿ ಕೊಳ್ಳುವವರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟು ನಡುವೆ ಲಾಭ ಮಾಡಿದವರು ಬೇರೆಯವರು.

ಹೆಣ್ಣುಮಕ್ಕಳ ಪಾಲೂ ಹಾಗೇ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟು, ಅವರ ಸಹಿ ಇಲ್ಲದೆ ಮಾರಿದ ಜಮೀನಿನ ಮೇಲೆ ಅವರು ದಾವೆ ಹೂಡಿದರೆ ಅದು ದುರಾಸೆಯಲ್ಲ, ಅವರದೇ ಪಾಲು. ಆ ದಾವೆಯಲ್ಲಿ ಸಿಕ್ಕಿಬೀಳುವವರು ಮಾತ್ರ ಕೊಂಡವರು. ಅಮೆರಿಕದ ವಿಮಾ ಕಂಪನಿ ಹೆದರಿ ಹುಡುಕುವ ದೋಷಗಳಲ್ಲಿ "ಬಿಟ್ಟುಹೋದ ವಾರಸುದಾರರು" ಎಂಬುದೂ ಒಂದು.

ಕಂಪ್ಯೂಟರು ಬಂತು, ಖಾತರಿ ಬರಲಿಲ್ಲ

2000ದ ಹೊತ್ತಿಗೆ ಭೂಮಿ ಯೋಜನೆ ಬಂತು. ಆ ಕೆಲಸದ ಮುಂದಾಳತ್ವ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಕೈಬರಹದ ಪಹಣಿಗೆ ಬೆಲೆ ಹೋಯಿತು. ಲೆಕ್ಕಿಗರ ಮನೆ ಮುಂದೆ ಕಾಯುವುದು, ಅವರ ಪುಸ್ತಕ ಅವರ ಚೀಲದಲ್ಲೇ ಇರುವುದು ಕಡಿಮೆಯಾಯಿತು. ಮ್ಯುಟೇಷನ್ ಅರ್ಜಿ ಬಂದ ಸರದಿಯಲ್ಲೇ ಹೋಗಬೇಕು, ಯಾರು ತಿದ್ದಿದರು ಎಂಬುದಕ್ಕೆ ಬೆರಳಚ್ಚಿನ ಗುರುತು ಉಳಿಯಬೇಕು ಎಂಬ ಕಟ್ಟುಪಾಡು ಬಂತು. ದೇಶವೆಲ್ಲ ನೋಡಲು ಬಂದ ಕೆಲಸ ಅದು.

ಆದರೆ ಕಂಪ್ಯೂಟರಿಗೆ ಹೋದದ್ದು ಪುಸ್ತಕದಲ್ಲಿ ಏನಿತ್ತೋ ಅದೇ. ಅಜ್ಜನ ಹೆಸರಿದ್ದರೆ ಅಜ್ಜನ ಹೆಸರೇ. ಪೋಡಿಯಾಗದೆ ಒಂದೇ ನಂಬರಿನಲ್ಲಿ ಹತ್ತು ಜನ ಇದ್ದರೆ ಹತ್ತು ಜನವೇ. 9ನೇ ಕಾಲಂನಲ್ಲಿ ಒಬ್ಬರು, ಹೊಲದಲ್ಲಿ ಇನ್ನೊಬ್ಬರು. ಕಾಗದ ಬೇಗ ಸಿಗುವ ಹಾಗಾಯಿತು. ಕಾಗದದ ಹಿಂದೆ ನಿಲ್ಲುವವರು ಮಾತ್ರ ಬರಲಿಲ್ಲ.

ಊರೊಳಗಿನ ಮನೆಗಳದು ಇನ್ನೂ ತಡವಾದ ಕಥೆ. ಹಳೇ ಸರ್ವೆ ಹೊಲಗಳನ್ನು ಅಳೆಯಿತು. ಗ್ರಾಮಠಾಣಾ ಎಂದು ಊರ ಸುತ್ತ ಒಂದು ಗೆರೆ ಎಳೆದು ಒಳಗಿನ ಮನೆಗಳನ್ನು ಹಾಗೇ ಬಿಟ್ಟಿತು, ಅಲ್ಲಿ ಕಂದಾಯ ಇರಲಿಲ್ಲವಲ್ಲ. ಹೀಗಾಗಿ ನಾಲ್ಕು ತಲೆಮಾರು ಬಾಳಿದ ಮನೆಗೂ ಪಂಚಾಯಿತಿಯ ಕಂದಾಯ ರಸೀದಿ ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ. 2013ರಲ್ಲಿ ಇ-ಸ್ವತ್ತು ಬಂದು ಪಂಚಾಯಿತಿ ಆಸ್ತಿಗಳಿಗೆ ನಮೂನೆ 9, 11 ಕಂಪ್ಯೂಟರಿನಿಂದ ಸಿಗತೊಡಗಿದವು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಶುರು ಮಾಡಿತು. ಡ್ರೋನ್ ಹಾರಿಸಿ ಊರೊಳಗಿನ ಮನೆಗಳನ್ನು ಅಳೆದು ಕಾರ್ಡ್ ಕೊಡುವ ಈ ಕೆಲಸದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಲಂಬಾಣಿ ತಾಂಡಾ, ಗೊಲ್ಲರಹಟ್ಟಿಯಂಥ ವಸತಿಗಳಿಗೆ ಅದೂ ಇರಲಿಲ್ಲ. ಅವು ದಾಖಲೆಯಲ್ಲಿ ಊರೇ ಅಲ್ಲ, ಯಾರದೋ ಹೊಲ ಅಥವಾ ಸರ್ಕಾರಿ ಜಾಗ. ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ಅವನ್ನು ಕಂದಾಯ ಗ್ರಾಮ ಮಾಡುವ ಕೆಲಸ ನಡೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮವಾಯಿತು. ಮನೆ ಇತ್ತು, ಬಾಳು ಇತ್ತು, ಕಾಗದ ಈಗ ಬಂತು.

ನಮ್ಮಲ್ಲಿ ವಿಮೆ ಯಾಕೆ ಬೇರೂರಲಿಲ್ಲ

ಖಾತರಿ ಬೇಕು ಎಂದು ನಮ್ಮವರು ಕೇಳಿಯೇ ಇಲ್ಲ ಎಂದಲ್ಲ. ಪುಣೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ 1989ರಲ್ಲಿ ಯೋಜನಾ ಆಯೋಗಕ್ಕೆ ವರದಿ ಕೊಟ್ಟು, ಟೊರೆನ್ಸ್ ಮಾದರಿಯಲ್ಲಿ ಸರ್ಕಾರವೇ ಹಕ್ಕಿಗೆ ಖಾತರಿ ಕೊಡುವ ದಾರಿ ತೋರಿಸಿದರು. 2008ರಲ್ಲಿ ಕೇಂದ್ರ ಶುರು ಮಾಡಿದ ಭೂ ದಾಖಲೆ ಆಧುನೀಕರಣ ಯೋಜನೆಯ ದೂರದ ಗುರಿಯೂ ಅದೇ ಆಗಿತ್ತು. ರಾಜಸ್ಥಾನ 2016ರಲ್ಲಿ ನಗರದ ಜಾಗಗಳಿಗೆ ಹಕ್ಕು ಪ್ರಮಾಣಪತ್ರದ ಕಾನೂನು ಮಾಡಿತು.

ಪಕ್ಕದ ಆಂಧ್ರದ ಅನುಭವ ನೋಡಿ. ಅಲ್ಲಿ ಭೂ ಹಕ್ಕು ಖಾತರಿಯ ಕಾನೂನು 2023ರ ಅಕ್ಟೋಬರ್ 31ರಿಂದ ಜಾರಿಗೆ ಬಂತು. ತಕರಾರನ್ನು ಮೊದಲು ಕೋರ್ಟಿನ ಬದಲು ಅಧಿಕಾರಿಯೇ ತೀರ್ಮಾನಿಸಿದರೆ ನಮ್ಮ ಗತಿಯೇನು ಎಂದು ಜನ ಹೆದರಿದರು, ವಕೀಲರು ಬೀದಿಗಿಳಿದರು. 2024ರ ಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಯಿತು. ಸರ್ಕಾರ ಬದಲಾಯಿತು, ಹೊಸ ಸರ್ಕಾರ ಅದೇ ವರ್ಷ ಕಾನೂನನ್ನು ರದ್ದು ಮಾಡಿತು. ಪುಸ್ತಕ ಸರಿಯಿಲ್ಲದೆ ಪುಸ್ತಕವೇ ಅಂತಿಮ ಎಂದರೆ, ಇವತ್ತು ತಪ್ಪು ಹೆಸರಿರುವವರೇ ನಾಳೆ ಖಾಯಂ ಮಾಲೀಕರು. ಜನರ ಭಯಕ್ಕೆ ಅರ್ಥವಿತ್ತು.

ವಿಮೆಯ ಕಡೆಯಿಂದಲೂ ಪ್ರಯತ್ನ ಆಗಿದೆ. 2016ರ ರೇರಾ ಕಾಯ್ದೆಯ 16ನೇ ಸೆಕ್ಷನ್, ಬಡಾವಣೆ ಕಟ್ಟುವವರು ಜಾಗದ ಹಕ್ಕಿಗೆ ವಿಮೆ ಮಾಡಿಸಬೇಕು ಎನ್ನುತ್ತದೆ. ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಅದು ಕಡ್ಡಾಯ. ಅದೇ ಕಾಯ್ದೆಯ 18ನೇ ಸೆಕ್ಷನ್ ಹೆಚ್ಚು ಉಪಯೋಗದ್ದು: ಜಾಗದ ಹಕ್ಕಿನಲ್ಲೇ ದೋಷವಿದ್ದು ಕೊಂಡವರಿಗೆ ನಷ್ಟವಾದರೆ ಬಡಾವಣೆದಾರರು ಪರಿಹಾರ ಕೊಡಬೇಕು, ಅದನ್ನು ಕೇಳಲು ಕಾಲಮಿತಿಯ ಅಡ್ಡಿಯಿಲ್ಲ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಹೊಲದ ನಡುವೆ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು ಮಾರುವ 30x40 ಸೈಟುಗಳಲ್ಲಿ ಎಷ್ಟೋ ಬಡಾವಣೆಗಳು ರೇರಾದಲ್ಲಿ ನೋಂದಣಿಯೇ ಆಗಿರುವುದಿಲ್ಲ.

ಹಳ್ಳಿಯ ಒಂದು ಮನೆಗೋ ಎರಡು ಎಕರೆಗೋ ಹಕ್ಕಿನ ವಿಮೆ ಕೊಡಲು ಕಂಪನಿಗೆ ಏನು ಕಷ್ಟ? ಫಿಲಡೆಲ್ಫಿಯಾದ ಕಂಪನಿ ವಿಮೆ ಕೊಟ್ಟದ್ದು ದಾಖಲೆ ತಿರುವಿ ನೋಡಬಹುದು ಎಂಬ ಧೈರ್ಯದ ಮೇಲೆ. ನಮ್ಮಲ್ಲಿ ಕ್ರಯಪತ್ರ ಒಂದು ಕಚೇರಿಯಲ್ಲಿ, ಪಹಣಿ ಇನ್ನೊಂದರಲ್ಲಿ, ನಕ್ಷೆ ಸರ್ವೆ ಇಲಾಖೆಯಲ್ಲಿ, ಕೇಸು ಕೋರ್ಟಿನಲ್ಲಿ, ಬಾಯಿಮಾತಿನ ಭಾಗ ಹಿರಿಯರ ನೆನಪಿನಲ್ಲಿ. ಅಷ್ಟನ್ನೂ ಜಾಲಾಡುವ ಖರ್ಚು ಎರಡು ಎಕರೆಯ ಕಂತಿನಲ್ಲಿ ಹುಟ್ಟುವುದಿಲ್ಲ.

ಅಲ್ಲಿಯವರೆಗೆ ನಮ್ಮ ವಿಮೆ ನಾವೇ

ಹಾಗಾಗಿ ಕಂಪನಿ ಹೆದರಿ ಮಾಡುವ ಹುಡುಕಾಟವನ್ನು ನಾವೇ ಮಾಡಬೇಕು. ಮುಂಗಡ ಕೊಡುವ ಮೊದಲು ಇವಿಷ್ಟು ನೋಡಿ.

ಹಿಂದಿನ ಕನಿಷ್ಠ 30 ವರ್ಷದ ಕ್ರಯಪತ್ರಗಳ ಸರಪಳಿ ಕೇಳಿ. ಒಂದು ಕೊಂಡಿ ಕಳಚಿದ್ದರೂ ಯಾಕೆ ಎಂದು ಕೇಳಿ. ಕಾವೇರಿ ತಂತ್ರಾಂಶದಲ್ಲಿ ಇ.ಸಿ. ಸಿಗುತ್ತದೆ. 2004ಕ್ಕಿಂತ ಹಿಂದಿನದಕ್ಕೆ ಉಪ ನೋಂದಣಿ ಕಚೇರಿಗೇ ಹೋಗಬೇಕಾದೀತು, ಬೇಸರಪಡಬೇಡಿ.

ಪಹಣಿಯ 9ನೇ ಕಾಲಂ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಹಕ್ಕು ಹೇಗೆ ಬಂತು ಎಂಬ 10ನೇ ಕಾಲಂ, ಸಾಲ ಮತ್ತು ಋಣದ 11ನೇ ಕಾಲಂ, ಸಾಗುವಳಿ ಮಾಡುವವರ 12ನೇ ಕಾಲಂ ಓದಿ. ಹಳೇ ಕೈಬರಹದ ಪಹಣಿ, ಮ್ಯುಟೇಷನ್ ಪ್ರತಿ ತೆಗೆಸಿ.

ಜಮೀನು ಮೊದಲು ಯಾರಿಗೆ, ಹೇಗೆ ಬಂತು? ಮಂಜೂರಾತಿ, ಸಾಗುವಳಿ ಚೀಟಿ, ಇನಾಂ, ಗೇಣಿ ಇವುಗಳಲ್ಲಿ ಯಾವುದೇ ಆಗಿದ್ದರೂ ಮೂಲ ಆದೇಶದ ಷರತ್ತು ಓದಿಸಿ.

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದೆಯೇ, ಅವರೂ ಸಹಿ ಹಾಕುತ್ತಾರೆಯೇ ನೋಡಿ. ಮದುವೆಯಾಗಿ ದೂರ ಹೋದವರನ್ನೂ ಹುಡುಕಿ ಮಾತಾಡಿಸಿ.

ಬರೀ ಜಿಪಿಎ, ಕರಾರು ಪತ್ರದ ಮೇಲೆ ಪೂರ್ತಿ ದುಡ್ಡು ಕೊಡಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ.

ಕೊನೆಗೆ, ಜಾಗದ ಮೇಲೆ ಹೋಗಿ ನಿಲ್ಲಿ. ಅಕ್ಕಪಕ್ಕದ ಹೊಲದವರನ್ನು ಕೇಳಿ. ಕಾಗದದಲ್ಲಿ ಇಲ್ಲದ ತಕರಾರು ಬದುವಿನ ಮೇಲೆ ಕೂತವರಿಗೆ ಗೊತ್ತಿರುತ್ತದೆ. ಆಮೇಲೆ, ಮಾರುವವರು ತೋರಿಸಿದ ವಕೀಲರನ್ನಲ್ಲ, ನೀವೇ ಹುಡುಕಿದ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಿರಿ.

ಕೊಳ್ಳದಿರುವವರಿಗೂ ಒಂದು ಕೆಲಸವಿದೆ. ನಿಮ್ಮ ಪಹಣಿಯಲ್ಲಿ ಇನ್ನೂ ತೀರಿಹೋದವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಮುಖ ಕೊಟ್ಟು ಮಾತಾಡುತ್ತಿರುವಾಗಲೇ ಭಾಗಪತ್ರ ನೋಂದಾಯಿಸಿ, ಪೋಡಿ ಮಾಡಿಸಿ. ಮಾತು ಬಿಟ್ಟ ಮೇಲೆ ಅದೇ ಕೆಲಸಕ್ಕೆ ಹತ್ತು ವರ್ಷ ಕೋರ್ಟು ಅಲೆಯಬೇಕಾದೀತು.

ಕಾಗದ ಸುಳ್ಳಾದರೆ ನಷ್ಟ ಯಾರದು ಎಂಬ ಪ್ರಶ್ನೆಗೆ ಅಡಿಲೇಡ್ 1858ರಲ್ಲಿ, ಫಿಲಡೆಲ್ಫಿಯಾ 1876ರಲ್ಲಿ ಉತ್ತರ ಹುಡುಕಿಕೊಂಡವು. ನಮ್ಮಲ್ಲಿ ಸ್ಟಾಂಪ್ ಶುಲ್ಕ, ನೋಂದಣಿ ಶುಲ್ಕ, ಕಂದಾಯ ಎಲ್ಲ ಕಟ್ಟಿದ ಮೇಲೂ ಆ ಪ್ರಶ್ನೆ ಹಾಗೇ ಉಳಿದಿದೆ. ಗ್ರಾಮಸಭೆಗೆ ಕಂದಾಯ ಇಲಾಖೆಯವರು ಬಂದಾಗ, ಓಟು ಕೇಳಲು ನಾಯಕರು ಬಂದಾಗ ಈ ಪ್ರಶ್ನೆಯನ್ನು ಜೋರಾಗಿ ಕೇಳಬೇಕಾದವರು ನಾವೇ.